ಅಪ್ಪ ದ್ವಿತೀಯಾರ್ಧಕ್ಕೂ ಕೂತದ್ದು

ನನ್ನ ಅಪ್ಪ ಒಂದೇ ಯಕ್ಷಗಾನ ಪ್ರಸಂಗವನ್ನು ಎಷ್ಟೋ ವರ್ಷಗಳಿಂದ ನೋಡುತ್ತಾ ಬಂದಿದ್ದರು. ಅದರ ಕಥೆ ಹೇಗೆ ಮುಗಿಯುತ್ತದೆ ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನನ್ನ ಸೋದರಮಾವನೂ ಅಷ್ಟೇ ಕಾಲದಿಂದ ಅದನ್ನೇ ನೋಡುತ್ತಿದ್ದರು. ಅವರಿಗೆ ಕಥೆ ಹೇಗೆ ಶುರುವಾಗುತ್ತದೆ ಎನ್ನುವುದು ಗೊತ್ತಿರಲಿಲ್ಲ. ಇಬ್ಬರನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೊಸನಗರದಿಂದ ಯಕ್ಷಗಾನದ ಆಟ ಇರುವ ಕಡೆಗೆಲ್ಲ ಹೋಗಿಬರುವ ಡ್ರೈವರ್ ನಾನು. ನನಗೆ ಹಿಂದುಮುಂದು ಎರಡೂ ಗೊತ್ತು. ಆದರೆ ನನ್ನನ್ನು ಕೇಳುವವರು ಯಾರು?

ಆ ಪ್ರಸಂಗ ಪುರಾಣದ್ದಲ್ಲ, ಯಾರೋ ಕಟ್ಟಿದ ಕಥೆ. ರಾಜನೊಬ್ಬ ರಾಣಿಯ ಮೇಲೆ ಇಲ್ಲದ ಅನುಮಾನ ಪಟ್ಟು ಅವಳನ್ನು ಅರಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಕಾಡಿನ ಅಂಚಿನಲ್ಲಿ ನಿಂತು ಸಂಕಟ ಪಡುವ ಪದವೊಂದಿದೆ. ಅಲ್ಲಿಗೆ ಮೊದಲರ್ಧ ಮುಗಿಯುತ್ತದೆ. ದ್ವಿತೀಯಾರ್ಧದಲ್ಲಿ ಅವಳೇ ಗಂಡುವೇಷ ಹಾಕಿ, ದಂಡು ಕಟ್ಟಿಕೊಂಡು ಬಂದು, ಶತ್ರುಗಳ ಕೈಗೆ ಸಿಕ್ಕ ಗಂಡನನ್ನು ಬಿಡಿಸಿ, ಅವನೆದುರು ನಿಂತು ನ್ಯಾಯ ಕೇಳುತ್ತಾಳೆ. ಮೊದಲರ್ಧಕ್ಕೆ ಹಾಡುವವರು ಒಬ್ಬ ಭಾಗವತರು, ದ್ವಿತೀಯಾರ್ಧಕ್ಕೆ ಇನ್ನೊಬ್ಬರು. ಮೊದಲಿನವರದ್ದು ಮೆತ್ತನೆಯ ಕಂಠ, ಪದವನ್ನು ಹತ್ತಿರ ಕೂತು ಹೇಳಿದಂತೆ ಹಾಡುತ್ತಾರೆ. ಎರಡನೆಯವರದ್ದು ಏರು ಕಂಠ. ಚಂಡೆ ಎಷ್ಟು ಜೋರಾದರೂ ಅದರ ಮೇಲೆ ಅವರ ದನಿಯೇ ಕೇಳುತ್ತದೆ.

ಇಷ್ಟಕ್ಕೆ ಮೂರು ತಾಲೂಕಿನ ಜನ ಎರಡು ಪಕ್ಷವಾಗಿದ್ದಾರೆ. ಮೊದಲಿನ ಭಾಗವತರು ಜಾಗಟೆ ಕೆಳಗಿಟ್ಟು ಎದ್ದರೆ ಅವರ ಅಭಿಮಾನಿಗಳೂ ಎದ್ದು ಹೊರಗೆ ನಡೆಯುತ್ತಾರೆ. ಅಷ್ಟು ಹೊತ್ತೂ ಚಹಾದಂಗಡಿಯಲ್ಲಿ ಸಭಾಭವನಕ್ಕೆ ಬೆನ್ನು ಹಾಕಿ ಕೂತಿದ್ದ ಇನ್ನೊಂದು ಪಕ್ಷದವರು ಆಗ ಒಳಗೆ ಬರುತ್ತಾರೆ. ಬಾಗಿಲಲ್ಲಿ ಎದುರಾದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮೇಗರವಳ್ಳಿಯ ಅಣ್ಣತಮ್ಮಂದಿರಿಬ್ಬರು ಒಂದೇ ಕುರ್ಚಿಯನ್ನು ಹೀಗೆ ಸರದಿಯ ಮೇಲೆ ಬಳಸುವುದನ್ನು ನಾನೇ ನೋಡಿದ್ದೇನೆ. ಅಣ್ಣ ಎದ್ದುಹೋದ ಮೇಲೆ ತಮ್ಮ ಟವೆಲ್ಲಿನಿಂದ ಕುರ್ಚಿ ಒರೆಸಿ ಕೂರುತ್ತಿದ್ದ.

ಅಪ್ಪ ಮೊದಲರ್ಧದವರು, ಮಾವ ದ್ವಿತೀಯಾರ್ಧದವರು. ಅಪ್ಪ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದು, ಜೀವಮಾನವಿಡೀ ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸಿದವರು. ಅಂಥವರಿಗೆ ಮೆತ್ತನೆಯ ಪದ ಬೇಕು. ಮಾವ ಟೈಲರ್. ಅಂಗಡಿಯಲ್ಲಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅವರಿಗೆ ಮನೆಯ ಮಾಡೇ ಹಾರಿಹೋಗುವಂಥ ಪದವೇ ಆಗಬೇಕು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಆಮೇಲೆ ಅಪ್ಪ ಮಾವನ ತಂಗಿಯನ್ನು ಮದುವೆಯಾದರು, ಇಬ್ಬರೂ ಒಬ್ಬರಿಗೊಬ್ಬರು ಭಾವ ಆದರು. ಅಮ್ಮನ ಪ್ರಕಾರ ಆ ಮದುವೆ ನಡೆದದ್ದೇ ಇವರಿಬ್ಬರಿಗೆ ಜಗಳಕ್ಕೆ ಜೊತೆಯಿರಲಿ ಎಂದು.

"ನಿನ್ನ ಭಾಗವತ ಹಾಡೋದಲ್ಲ ಭಾವ, ಕೂಗೋದು," ಎಂದು ವ್ಯಾನು ಪೇಟೆ ದಾಟುವ ಮೊದಲೇ ಅಪ್ಪ ಶುರುಮಾಡುತ್ತಿದ್ದರು.

"ನಿನ್ನವ ಹಾಡಿದ್ರೆ ತೊಟ್ಟಿಲಲ್ಲಿರೋ ಮಗು ಸಹ ಆಕಳಿಸ್ತದೆ ಮಾರಾಯ," ಎಂದು ಹಿಂದಿನ ಸೀಟಿನಿಂದ ಮಾವ.

"ಆ ರಾಣಿಯನ್ನ ಯಾಕೆ ಹೊರಗೆ ಹಾಕಿದ್ರು ಅಂತನಾದ್ರೂ ಗೊತ್ತುಂಟಾ ನಿಂಗೆ?"

"ಅತ್ತೆ ಜೊತೆ ಜಗಳ ಆಗಿರ್ಬೇಕು. ಮತ್ತೆಂತ ಇರ್ತದೆ?"

ಈ ಪ್ರಸಂಗದಲ್ಲಿ ಅತ್ತೆಯ ಪಾತ್ರವೇ ಇಲ್ಲ. ಹೇಳಹೋದರೆ ಮಾವ ಕೈ ಅಡ್ಡ ಮಾಡುತ್ತಿದ್ದರು. ಅಪ್ಪನಿಗೂ ಹಾಗೆಯೇ, ರಾಣಿ ವಾಪಸು ಬರುತ್ತಾಳೆ ಎಂದರೆ ಸಿಟ್ಟು. "ಆ ಪದ ಆದ ಮೇಲೆ ಕಥೇಲಿ ಎಂತ ಉಳೀತು?" ಎನ್ನುತ್ತಿದ್ದರು. ಇವರ ನಡುವೆ ಸ್ಟೇರಿಂಗ್ ಹಿಡಿದು ನನಗೆ ತಲೆ ಕೆಟ್ಟುಹೋಗುತ್ತಿತ್ತು. ಬಸ್ಸಿಗೆ ಹೋಗಿ ಎಂದು ಎಷ್ಟು ಸಲ ರೇಗಿದ್ದೇನೋ. ಮುಂದಿನ ಭಾನುವಾರ ಮತ್ತೆ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವ್ಯಾನಿನ ಪಕ್ಕ ನಿಂತಿರುತ್ತಿದ್ದರು.

ಹೀಗಿರುವಾಗ ಅಪ್ಪನ ಕಿವಿ ಕೆಟ್ಟಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಫೋನಿನ ರಿಂಗು, ಆಮೇಲೆ ಅಮ್ಮ. ಅಮ್ಮನ ಮಾತು ಕೇಳಿಸದ್ದನ್ನು ನಾವು ಬಹಳ ದಿನ ರೋಗ ಎಂದು ಎಣಿಸಲೇ ಇಲ್ಲ. ಶಿವಮೊಗ್ಗದ ಕಿವಿ ಡಾಕ್ಟರು ಮಿಷನ್ ಕೊಟ್ಟರು. ಅಪ್ಪ ಅದನ್ನು ಹಾಕಿಕೊಂಡು ಮೊಬೈಲಿನಲ್ಲಿ ಒಂದು ಪದ ಕೇಳಿ ತೆಗೆದಿಟ್ಟರು. "ಮಾತು ಕೇಳ್ತದೆ. ಪದ ಮಾತ್ರ ತಗಡು ಎಳೆದ ಹಾಗೆ ಕೇಳ್ತದೆ," ಎಂದರು. ಅದು ಒಂದು ಕಾರಣ. ಇನ್ನೊಂದನ್ನು ಅಮ್ಮ ಒಳಗೆ ಹೋದ ಮೇಲೆ ಹೇಳಿದರು.

"ಇದು ಭಾವಂಗೆ ಗೊತ್ತಾಗಬಾರ್ದು. ನಮ್ಮ ಗ್ರೂಪಿನವ್ರಿಗಂತೂ ಗೊತ್ತಾಗಲೇಬಾರ್ದು."

"ಗೊತ್ತಾದ್ರೆ ಎಂತ ಆಗ್ತದಪ್ಪಾ?" ಎಂದು ಕಿವಿಯ ಬುಡದಲ್ಲಿ ಗಟ್ಟಿಯಾಗಿ ಕೇಳಿದೆ.

"ಕಣ್ಣು ಕಾಣದವನ್ನ ಬಸ್ಸಿನ ಬೋರ್ಡು ಓದಕ್ಕೆ ಇಟ್ಕೊಳ್ತಾರಾ? ಕಿವಿ ಹೋದವ ಎಂಥ ಅಭಿಮಾನಿ? ಪಾಪ ಅಂತಾರೆ, ಹಿಂದಿನ ಸಾಲಲ್ಲಿ ಕೂರಿಸ್ತಾರೆ. ನಂಗದು ಬೇಡ."

ಗ್ರೂಪು ಎಂದರೆ ಮೊದಲರ್ಧದವರು ಮೊಬೈಲಿನಲ್ಲಿ ಮಾಡಿಕೊಂಡ ಗ್ರೂಪು. ಯಾರು ಎಲ್ಲಿ ರೆಕಾರ್ಡ್ ಮಾಡಿದ ಪದ ಕಳಿಸಿದರೂ ಕೊನೆಯ ತೀರ್ಪು ಅಪ್ಪನದೇ. ಬಸ್‌ಸ್ಟ್ಯಾಂಡು ಬಿಟ್ಟ ಮೇಲೆ ಅವರಿಗೆ ಇದ್ದ ಮರ್ಯಾದೆ ಅದೊಂದೇ, ಅದು ಹೋದರೆ ಮನುಷ್ಯ ಕುಗ್ಗಿಹೋಗುತ್ತಾರೆ ಎಂದು ನನಗೂ ಅನಿಸಿತು. ಹಾಗಾಗಿ ನಾನೂ ಈ ನಾಟಕಕ್ಕೆ ಸೇರಿದೆ. ಬಂದ ಪದಗಳನ್ನು ನಾನು ಕೇಳಿ ಸನ್ನೆ ಮಾಡುವುದು, ಅಪ್ಪ ತೀರ್ಪು ಬರೆಯುವುದು. ಆಟದಲ್ಲಿ ಪಕ್ಕ ಕೂತು ಪದ ಮುಗಿಯುವಾಗ ಶಾಲು ಎಳೆಯುವುದು, ಅಪ್ಪ ಚಪ್ಪಾಳೆ ತಟ್ಟುವುದು. ನಾನು ಸೊಳ್ಳೆ ಓಡಿಸುವಾಗ ಕೈ ಶಾಲಿಗೆ ತಗಲಿದರೂ ಅಪ್ಪ ಚಪ್ಪಾಳೆ ತಟ್ಟಿಬಿಡುತ್ತಿದ್ದರು. ಅವರು ತಟ್ಟಿದರೆಂದು ಗ್ರೂಪಿನವರೆಲ್ಲ ತಟ್ಟುತ್ತಿದ್ದರು.

ವ್ಯಾನಿನ ಜಗಳಕ್ಕಂತೂ ಏನೂ ತೊಂದರೆಯಾಗಲಿಲ್ಲ. ಅದು ಪ್ರತಿಸಲವೂ ಒಂದೇ ಜಗಳ. ಯಾವ ಮಾತಾದ ಮೇಲೆ ಯಾವುದು ಎನ್ನುವುದು ಅಪ್ಪನಿಗೆ ಬಾಯಿಪಾಠವಾಗಿತ್ತು. ಕನ್ನಡಿಯಲ್ಲಿ ಮಾವನ ಬಾಯಿ ಅಲ್ಲಾಡಿ ನಿಂತದ್ದು ಕಂಡರೆ ಇವರು ತಮ್ಮ ಮಾತು ಹೇಳುತ್ತಿದ್ದರು.

ಒಮ್ಮೆ ಮಾತ್ರ ಸಿಕ್ಕಿಬೀಳುವುದರಲ್ಲಿದ್ದೆವು. ಹುಂಚದ ಅಭಿಮಾನಿಯೊಬ್ಬರು ತಮ್ಮ ಮನೆಯ ಮಿಕ್ಸಿ ಕೆಟ್ಟ ಸದ್ದನ್ನು ರೆಕಾರ್ಡ್ ಮಾಡಿ, ರಿಪೇರಿಯವನಿಗೆ ಕಳಿಸುವುದನ್ನು ಕೈತಪ್ಪಿ ಗ್ರೂಪಿಗೆ ಕಳಿಸಿದರು. ವಾರದ ದಿನವಾದ್ದರಿಂದ ನಾನು ನನ್ನ ಜೆರಾಕ್ಸ್ ಅಂಗಡಿಯಲ್ಲಿದ್ದೆ. ಅಪ್ಪ ಒಬ್ಬರೇ ಕೂತು ತೀರ್ಪು ಬರೆದರು: "ಆರಂಭದಲ್ಲಿ ಸ್ವಲ್ಪ ಎಳೆದರೂ ನಂತರ ಹಿಡಿತಕ್ಕೆ ಬಂದಿದೆ. ಈ ಬನಿ ಬೇರೆಯವರಿಗೆ ಬರಲಾರದು." ನಾನು ಬಂದು ಅದನ್ನು ಅಳಿಸಲು ಮೊಬೈಲು ಎತ್ತಿಕೊಂಡೆ. ಆದರೆ ಗ್ರೂಪಿನಲ್ಲಿ ಎಲ್ಲರೂ ನಗುವ ಮುಖ ಕಳಿಸಿ, ಇದು ದ್ವಿತೀಯಾರ್ಧದ ಭಾಗವತರಿಗೆ ಕೊಟ್ಟ ಏಟು ಎಂದು ಅರ್ಥ ಮಾಡಿಕೊಂಡಿದ್ದರು. ಮಾವನ ಪಕ್ಷದವರು ಅದನ್ನು ನೋಡಿ ಒಂದು ವಾರ ಉರಿದರು. ಮಿಕ್ಸಿಯವರು ಮಾತ್ರ ಮೋಟರ್ ಬದಲಾಯಿಸಬೇಕೇ ಎಂದು ಅಪ್ಪನನ್ನೇ ಕೇಳಿದರು.

ಮಳೆಗಾಲದಲ್ಲಿ ಆಟಗಳೆಲ್ಲ ಸಭಾಭವನದೊಳಗೆ, ಮಧ್ಯಾಹ್ನದ ಹೊತ್ತಿನಲ್ಲಿ. ಅಂಥದೊಂದು ಭಾನುವಾರ ಸಾಗರದಲ್ಲಿ ಆಟ. ಮಾವ ಎಂದಿನಂತೆ ಚಹಾದಂಗಡಿಗೆ ಹೋದರು, ನಾವು ಮುಂದಿನ ಸಾಲಿಗೆ. ಮೊದಲರ್ಧವಿಡೀ ಅಪ್ಪ ಭಾಗವತರ ಮುಖವನ್ನೇ ನೋಡುತ್ತಾ ಕೂತಿದ್ದರು. ಕಾಡಿನಂಚಿನ ಪದಕ್ಕೆ ಬಂದಾಗ ಕಣ್ಣು ಮುಚ್ಚಿ, ಕಿವಿಯ ಹಿಂದೆ ಕೈ ಹಿಡಿದು ಕಾದರು. ಏನೂ ಸಿಕ್ಕಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಶಾಲು ಎಳೆದೆ, ಚಪ್ಪಾಳೆ ತಟ್ಟಿದರು. ಭಾಗವತರು ಎದ್ದರು. ನಮ್ಮ ಪಕ್ಷವೂ ಎದ್ದಿತು, ನಾನೂ ಎದ್ದೆ. ಅಷ್ಟರಲ್ಲಿ ಎರಡನೆಯ ಭಾಗವತರು ಕೂತು ಚಂಡೆಯ ಜೊತೆಗೆ ಮೊದಲ ಪದ ಎತ್ತಿದರು. ಅಪ್ಪ ನನ್ನ ಕೈ ಹಿಡಿದು ಕೆಳಕ್ಕೆ ಎಳೆದರು.

"ಕೂತ್ಕೋ," ಎಂದರು. "ಕೇಳ್ತದೆ."

ಜೀವನವಿಡೀ ಬೈದುಕೊಂಡು ಬಂದ ದನಿಯೊಂದೇ ಅವರ ಕಿವಿಗೆ ಉಳಿದಿತ್ತು. ಕಳ್ಳನ ಹಾಗೆ ತಲೆ ತಗ್ಗಿಸಿ ಕೂತು ಕೇಳಿದರು. ರಾಣಿ ಗಂಡುವೇಷದಲ್ಲಿ ಬಂದಾಗ "ಇದು ಅವಳೇನಾ?" ಎಂದು ನನ್ನನ್ನು ಕೇಳಿದರು. ಹೌದು ಎಂದು ತಲೆಯಾಡಿಸಿದೆ. ಅವಳು ಗಂಡನೆದುರು ನಿಂತು ನ್ಯಾಯ ಕೇಳುವಾಗ ಅಪ್ಪ ಶಾಲಿನಲ್ಲಿ ಮುಖ ಒರೆಸಿಕೊಂಡರು. ನನಗೆ ಅಳು ಬಂತು, ಅದರ ಜೊತೆಗೇ ಹೆದರಿಕೆಯೂ ಆಯಿತು. ಏಕೆಂದರೆ ಬಾಗಿಲಲ್ಲಿ ನಮ್ಮ ಗ್ರೂಪಿನ ಅಡ್ಮಿನ್ ನಿಂತು ಅಪ್ಪನ ಫೋಟೋ ತೆಗೆಯುತ್ತಿದ್ದರು.

ಮನೆ ಮುಟ್ಟುವುದರೊಳಗೆ ಅಪ್ಪನನ್ನು ಗ್ರೂಪಿನಿಂದ ತೆಗೆದುಹಾಕಿದ್ದರು. ಪಕ್ಷಾಂತರ ಮಾಡಿದರಂತೆ, ಇಳಿವಯಸ್ಸಿನಲ್ಲಿ ರುಚಿ ಕೆಟ್ಟಿತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಿವಿ ಕೇಳುವುದಿಲ್ಲ ಎಂದು ಅಡ್ಮಿನ್‌ಗೆ ಬರೆಯಲು ಹೊರಟೆ. ಅಪ್ಪ ಅದನ್ನು ಓದಿ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡರು. "ದ್ರೋಹಿ ಅಂತನೇ ಅನ್ಲಿ. ಪಾಪ ಅಂತ ಅನ್ನದಿದ್ರೆ ಸಾಕು," ಎಂದರು.

ಮರುದಿನ ಬೆಳಿಗ್ಗೆ ಮಾವ ಮೈಸೂರುಪಾಕಿನ ಪೊಟ್ಟಣ ಹಿಡಿದು, ತಮ್ಮ ಪಕ್ಷಕ್ಕೆ ಸ್ವಾಗತ ಮಾಡಲು ಬಂದರು. ಅಪ್ಪ ಜಗಲಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತಿದ್ದರು. ಮಾವ ಹಿಂಬಾಗಿಲಿನಿಂದ ಬಂದು ಅವರ ಬೆನ್ನ ಹಿಂದೆ ನಿಂತರು.

"ಅಂತೂ ದಾರಿಗೆ ಬಂದ್ಯಲ್ಲ ಭಾವ," ಎಂದರು. ಉತ್ತರವಿಲ್ಲ. "ಸಿಟ್ಟಾ?" ಎಂದರು. ಅದಕ್ಕೂ ಇಲ್ಲ. ಎದುರಿಗೆ ಬಂದು ಪೊಟ್ಟಣ ಬಿಚ್ಚಿ, "ಹೆಂಗಿತ್ತು ದ್ವಿತೀಯಾರ್ಧ?" ಎಂದು ಕೇಳಿದರು.

"ಹೌದು, ಇವತ್ತು ಮಳೆ ಬಿಟ್ಟು ಸ್ವಲ್ಪ ಹೊಳವಾಗಿದೆ," ಎಂದರು ಅಪ್ಪ.

ಇದು ವ್ಯಾನಿನ ಜಗಳದಲ್ಲಿ ಇಲ್ಲದ ಮಾತಾಗಿತ್ತು. ಮಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಯಾವಾಗಿಂದ ಮಗಾ?"

"ಎರಡು ಮಳೆಗಾಲ ಆಯ್ತು ಮಾವ."

"ಹಂಗಾದ್ರೆ ಇಷ್ಟು ದಿನ ನಾನು ಇವಂಗೆ ಬೈದಿದ್ದೆಲ್ಲ ದಂಡನಾ?" ಎಂದು ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಗೇಲಿ ಮಾಡಲು ಬಂದವರು ಪೊಟ್ಟಣವನ್ನು ಅಪ್ಪನ ಮಡಿಲಲ್ಲಿಟ್ಟರು. ಹೋಗುವಾಗ, ಮುಂದಿನ ವಾರ ತೀರ್ಥಹಳ್ಳಿಯ ಆಟಕ್ಕೆ ವ್ಯಾನು ತೆಗಿ ಎಂದು ಮಾತ್ರ ಹೇಳಿದರು.

ಅಪ್ಪ ಬರುವುದಿಲ್ಲ ಎಂದರು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದರು. ಮಾವ ರಟ್ಟೆ ಹಿಡಿದು ವ್ಯಾನಿಗೆ ಹತ್ತಿಸಿದರು. ಸಭಾಭವನದಲ್ಲಿ ನಾವು ಮುಂದಿನ ಸಾಲಿನಲ್ಲಿ ಕೂತ ಕೂಡಲೇ ಅಕ್ಕಪಕ್ಕದವರು ಕುರ್ಚಿ ಬಿಟ್ಟು ದೂರ ಹೋಗಿ ಕೂತರು. ಮಾವ ಚಹಾದಂಗಡಿಗೆ ಹೋಗಲಿಲ್ಲ. ಮೊದಲರ್ಧದ ನೆರಳು ಕಂಡರಾಗದ ಮನುಷ್ಯ ಅಪ್ಪನ ಎಡಕ್ಕೆ ಗಟ್ಟಿಯಾಗಿ ಕೂತರು.

ಕಾಡಿನಂಚಿನ ಪದ ಬಂತು. ಭಾಗವತರು ಮೆಲ್ಲಗೆ ಎತ್ತಿದರು. ಮಾವ ಎರಡೂ ಕೈಯನ್ನು ಅಪ್ಪನ ಕಿವಿಗೆ ಕೊಳವೆಯಂತೆ ಹಿಡಿದು, ಅದರೊಳಗೆ ಬಾಯಿಟ್ಟು ಅದೇ ಪದವನ್ನು ಗಂಟಲು ಹರಿಯುವಂತೆ ಹಾಡತೊಡಗಿದರು. ಚಹಾದಂಗಡಿಯಲ್ಲಿ ಬೆನ್ನು ಹಾಕಿ ಕೂತೇ ಇವರು ಅದನ್ನು ಒಂದಕ್ಷರ ಬಿಡದೆ ಕಲಿತಿದ್ದರು. ರಾಗ ಹೇಗೋ ಇತ್ತು, ಶ್ರುತಿಯ ಮಾತು ಬೇಡವೇ ಬೇಡ. ರಾಣಿಯ ವೇಷದವರು ಅಭಿನಯದ ನಡುವೆಯೇ ನಮ್ಮ ಕಡೆ ಕಣ್ಣು ಹಾಯಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಿಂದಿನ ಸಾಲುಗಳಲ್ಲಿ ಗಲಾಟೆ ಶುರುವಾಯಿತು. ಅಡ್ಮಿನ್ ಎದ್ದು ಬಂದು ಮಾವನ ಹೆಗಲು ಹಿಡಿದರು.

"ಹಾಳು ಮಾಡಕ್ಕೇ ಬಂದಿದೀರಾ ನೀವು? ಎದ್ದು ಹೊರಗೆ ಹೋಗಿ."

ಮಾವ ಹಾಡು ನಿಲ್ಲಿಸಿದರು.

"ನಮ್ಮ ಭಾವಂಗೆ ಕಿವಿ ಕೇಳೋದಿಲ್ಲ," ಎಂದರು. "ಎರಡು ಮಳೆಗಾಲದಿಂದ ನಿಮ್ಮ ಭಾಗವತರ ಒಂದು ಪದನೂ ಇವನ ಕಿವಿಗೆ ಬಿದ್ದಿಲ್ಲ. ಆದ್ರೂ ಒಂದು ಆಟ ತಪ್ಪಿಸಲಿಲ್ಲ. ಕೇಳದಿದ್ರೂ ಬಂದು ಕೂರೋವ್ರು ನಿಮ್ಮಲ್ಲಿ ಇನ್ಯಾರಿದಾರೆ, ಹೇಳಿ ನೋಡುವ."

ಎರಡು ಸಾಲಿನವರಿಗೆ ಎಲ್ಲವೂ ಕೇಳಿಸಿತ್ತು. ಅಪ್ಪನೊಬ್ಬರಿಗೆ ಏನೂ ಕೇಳಿಸಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ಮಾವನ ಮೊಣಕಾಲು ತಟ್ಟಿದರು. ಕಿವಿ ಕೇಳದವರು ಮಾತಾಡುವಂತೆ, ಇಡೀ ಸಭೆಗೆ ಕೇಳುವಷ್ಟು ಜೋರಾಗಿ ಹೇಳಿದರು.

"ಯಾಕೆ ನಿಲ್ಲಿಸ್ದೆ ಭಾವ? ಹಾಡು. ಆದ್ರೆ ಅಷ್ಟು ಅವಸರ ಮಾಡ್ಬೇಡ. ಅವಳು ಅರಮನೆ ಕಡೆ ಒಂದ್ಸಲ ತಿರುಗಿ ನೋಡ್ಬೇಕು. ಅಷ್ಟು ಹೊತ್ತಾದ್ರೂ ಕೊಡು ಅವಳಿಗೆ."

ಅಡ್ಮಿನ್ ಮಾವನ ಹೆಗಲಿನಿಂದ ಕೈ ತೆಗೆದು, ನಮ್ಮ ಪಕ್ಕದಲ್ಲಿ ಖಾಲಿಯಾಗಿದ್ದ ಕುರ್ಚಿಯಲ್ಲಿ ಕೂತರು. ಮಾವ ಮತ್ತೆ ಅಪ್ಪನ ಕಿವಿಗೆ ಬಾಯಿಟ್ಟು, ಅದೇ ಸಾಲನ್ನು ನಿಧಾನವಾಗಿ ಹಾಡಿದರು.