ಪಿಜ್ಜಾ ಅಂಗಡಿಯಲ್ಲಿ ಹೆಣ್ಣು ನೋಡಿದ್ದು

ದಿನಚರಿಯಲ್ಲಿ ನಾನು ಮೊದಲು ವಾರ ಬರೆಯುತ್ತೇನೆ. ಆಮೇಲೆ ಎಲ್ಲಿಗೆ ಹೋದೆ, ಯಾರ ಜೊತೆ, ಏನು ತಿಂದೆ ಎಂಬುದು. ಅಕ್ಕ ಇದನ್ನು ‘ಪಟವಾರಿ ಲೆಕ್ಕ’ ಎಂದು ಆಡಿಕೊಳ್ಳುತ್ತಾಳೆ. ಆ ಲೆಕ್ಕದ ಪ್ರಕಾರ ಸುರಪುರ ಬಸ್ ನಿಲ್ದಾಣದ ಹತ್ತಿರದ ಪಿಜ್ಜಾ ಅಂಗಡಿಗೆ ನಮ್ಮ ಮನೆಯಿಂದ ಮೊದಲು ಹೋದವಳು ನಾನು, ಒಂದು ಸಂಜೆ ಕಾಲೇಜು ಬಿಟ್ಟ ಮೇಲೆ. ನಂತರ ಅಕ್ಕ, ನಂತರ ಅಪ್ಪ. ಅವ್ವ ಎಲ್ಲರಿಗಿಂತ ಕೊನೆಗೆ, ಅದೂ ನಮ್ಮೂರು ದೇವಾಪುರದ ಬಸ್ಸು ತಡವಾಗಿ, ನಿಂತು ನಿಂತು ಕಾಲು ನೋಯತೊಡಗಿದ ಒಂದು ಶುಕ್ರವಾರ.

ಅಂಗಡಿಯನ್ನು ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಗಂಡ ಹೈದರಾಬಾದಿನ ಬೇಕರಿಯಲ್ಲಿ ಒಲೆ ನೋಡಿಕೊಂಡಿದ್ದವರು, ಮಾತು ಕಡಿಮೆ. ಹೆಂಡತಿಯನ್ನು ಗಿರಾಕಿಗಳೆಲ್ಲ ಆಪಾ ಎನ್ನುತ್ತಾರೆ. ಗಂಡನ ಜೊತೆ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಎರಡರಲ್ಲೂ ಒಂದೇ ವೇಗ. ನಾಲ್ಕು ಮೇಜು, ಒಂದು ಫ್ಯಾನು, ಗೋಡೆಯ ಮೇಲೆ ‘ಶುದ್ಧ ಸಸ್ಯಾಹಾರಿ’ ಎಂಬ ಫಲಕ.

ಅವ್ವ ಆ ಫಲಕವನ್ನು ನಂಬಲಿಲ್ಲ. ಬಾಗಿಲಲ್ಲೇ ನಿಂತು, “ತತ್ತಿ ಗಿತ್ತಿ ಹಾಕಂಗಿಲ್ಲಲ್ಲವ್ವ?” ಎಂದು ಕೇಳಿದಳು.

“ಈ ಒಲಿ ಇನ್ನೂತನಕ ತತ್ತಿ ಮಾರಿ ನೋಡಿಲ್ರಿ ಅವ್ವಾರ. ಒಳಗ ಬರ್ರಿ, ಮೊದಲ ಕೂಡ್ರಿ,” ಎಂದರು ಆಪಾ.

ಅವ್ವ ಒಂದು ತುತ್ತು ತಿಂದು ಯೋಚಿಸಿದಳು. “ರೊಟ್ಟಿ ಮ್ಯಾಲ ಪಲ್ಯ, ಪಲ್ಯದ ಮ್ಯಾಲ ಬೆಣ್ಣಿ. ಎಲ್ಲಾ ಹಾಕ್ಯಾರ, ಖಾರ ಹಾಕೋದು ಮರತಾರ.” ಹಾಗೆಂದವಳೇ ಕೈಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದಳು. ಅದರಲ್ಲಿ ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ. ಅದಿಲ್ಲದೆ ಅವ್ವ ಯಾವ ಊರಿಗೂ ಹೋಗುವುದಿಲ್ಲ. ಪಿಜ್ಜಾ ಮೇಲೆ ಧಾರಾಳವಾಗಿ ಉದುರಿಸತೊಡಗಿದಾಗ ನನಗೆ ನಾಚಿಕೆಯಾಗಿ, ಆಪಾ ದುಡ್ಡು ಎಣಿಸುತ್ತಾ ಕೂತಿದ್ದ ಗಲ್ಲೆಯ ಕಡೆ ನೋಡಿದೆ. ಆಪಾ ಎದ್ದು ಬಂದು ಅಂಗೈ ಚಾಚಿದರು: “ನನಗೂ ಚೂರು ಹಾಕ್ರಿ, ನೋಡೋಣು.” ಮುಂದಿನ ವಾರ ನಾಲ್ಕೂ ಮೇಜಿನ ಮೇಲೆ ಶೇಂಗಾ ಹಿಂಡಿಯ ಶೀಸೆ ಕುಳಿತಿತ್ತು. ಕೆಂಪು ಸಾಸಿಗಿಂತ ಅದೇ ಬೇಗ ಖಾಲಿಯಾಗುತ್ತದೆ.

ಅಕ್ಕ ಮಾತ್ರ ಹಿಂಡಿ ಮುಟ್ಟುವುದಿಲ್ಲ. ಅವಳು ತುಂಡಿನ ನಡುವಿನದನ್ನು ತಿಂದು, ಗಟ್ಟಿಯಾದ ಅಂಚನ್ನು ನನ್ನ ತಾಟಿಗೆ ಹಾಕುತ್ತಾಳೆ. ಮೊದಲ ದಿನದಿಂದ ಅವಳ ಅಂಚುಗಳೆಲ್ಲ ನನ್ನ ಪಾಲು.

ಅಕ್ಕ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅವಳನ್ನು ನೋಡಲು ಎರಡು ಕಡೆಯವರು ಮನೆಗೆ ಬಂದು ಹೋಗಿದ್ದರು. ಎರಡು ಸಲವೂ ರೇಷ್ಮೆ ಸೀರೆ ಉಟ್ಟು, ಅವಲಕ್ಕಿ ಚೂಡಾ ತಾಟು ಹಿಡಿದು ಹೊರಗೆ ಬಂದಿದ್ದಳು. ಎರಡು ಸಲವೂ ಅವರು “ಹೇಳಿ ಕಳಸ್ತೀವಿ” ಎಂದು ಎದ್ದು ಹೋದರು, ಏನೂ ಹೇಳಿ ಕಳಿಸಲಿಲ್ಲ. ಎರಡನೆಯವರು ಹೋದ ಸಂಜೆ ಅಕ್ಕ ಸೀರೆ ಮಡಚಿಡುತ್ತಾ, “ಇನ್ನೊಮ್ಮೆ ತಾಟು ಹಿಡಕೊಂಡು ಬರಂಗಿಲ್ಲ ನೋಡವ್ವ. ಅವರು ನನ್ನ ನೋಡ್ಲಿ, ನಾನೂ ಅವರನ್ನ ನೋಡ್ತೀನಿ. ಎಲ್ಲಾರೂ ಒಂದ ಥರದ ಕುರ್ಚಿ ಮ್ಯಾಲ ಕುಂತು,” ಎಂದಳು.

“ಅಂಥಾ ಕುರ್ಚಿ ಎಲ್ಲಿ ತರೂದು?” ಎಂದಳು ಅವ್ವ.

“ಆಪಾನ ಅಂಗಡ್ಯಾಗ ಅದಾವಲ್ಲ.”

ಅಪ್ಪ ನಕ್ಕುಬಿಟ್ಟ. ಅವ್ವನಿಗೆ ನಗು ಬರಲಿಲ್ಲ.

ಮೂರನೆಯ ಹುಡುಗ ಸಗರದವನು. ಶಹಾಪುರದಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ. ನೆಂಟರ ಮನೆಯ ತೊಟ್ಟಿಲು ಕಾರ್ಯದಲ್ಲಿ ಅಕ್ಕ ಅವನನ್ನು ನೋಡಿದ್ದಳು, ಮಾತೂ ಆಡಿದ್ದಳು. “ಈ ಸಲ ಹೇಳಿ ಕಳಸ್ತೀವಿ ಅಂದ್ರ ನನಗ ಭಾಳ ಸಂಕಟ ಆಗ್ತೈತಿ,” ಎಂದು ನನಗೊಬ್ಬಳಿಗೇ ಹೇಳಿದ್ದಳು. ಪಿಜ್ಜಾ ಅಂಗಡಿಯ ಮಾತಿಗೆ ಅವರ ಕಡೆಯವರು ಒಪ್ಪಿದರು. ಆ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಸೋದರತ್ತೆಯದು ಎಂದು ನೆಂಟರು ಮೊದಲೇ ತಿಳಿಸಿದ್ದರು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಊಟ ಮಾಡುವುದಿಲ್ಲ. ಚೂಡಾ, ಉಪ್ಪಿಟ್ಟು, ಚಹಾ, ಇಷ್ಟೇ. ಅದು ನಾಷ್ಟಾ. ಹೆಣ್ಣಿನವರ ರೊಟ್ಟಿ ಮುರಿದರೆ ಮಾತು ಕೊಟ್ಟ ಹಾಗೆ. ಇದು ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಹಿರಿಯರಿಗೆ ಮೈದಾ ಸೇರಲಿಕ್ಕಿಲ್ಲ ಎಂದು ಅವಳು ಹಿಂದಿನ ದಿನವೇ ನಮ್ಮ ಹೊಲದ ಜೋಳದ ಹಿಟ್ಟನ್ನು ಆಪಾಗೆ ಮುಟ್ಟಿಸಿ, ಕೆಳಗೆ ಜೋಳದ್ದು, ಮೇಲೆ ಬದನೆಕಾಯಿ, ಹಸಿಮೆಣಸಿನಕಾಯಿ, ಅದರ ಮೇಲೆ ಚೀಸು ಎಂದು ಹೇಳಿ ಬಂದಿದ್ದಳು. ನಮ್ಮಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನಮ್ಮ ಮಟ್ಟಿಗೆ ಅದು ಪಿಜ್ಜಾ.

ಭಾನುವಾರ ಬೆಳಿಗ್ಗೆ ಆಪಾ ಎರಡು ಮೇಜು ಕೂಡಿಸಿ ಬಟ್ಟೆ ಹಾಸಿದ್ದರು. ಹುಡುಗ, ಅವನ ತಾಯಿ, ಸೋದರತ್ತೆ ಒಂದು ಬದಿ, ನಾವು ನಾಲ್ವರು ಇನ್ನೊಂದು ಬದಿ. ಬಸ್ಸಿನ ಮಾತು, ಹತ್ತಿಯ ಮಾತು ಆಯಿತು. ಆಪಾ ದೊಡ್ಡ ತಾಟು ತಂದು ನಡುವೆ ಇಟ್ಟರು. ಸೋದರತ್ತೆ ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು. ಬೆರಳಿನಿಂದ ಒಂದು ತುಂಡನ್ನು ಎತ್ತಿ ಅದರ ತಳ ನೋಡಿದರು.

“ಇದು ಯಾವ ಹಿಟ್ಟಿಂದು?”

ಅವ್ವ ಹೆಮ್ಮೆಯಿಂದ, “ನಮ್ಮ ಹೊಲದ ಜ್ವಾಳದ್ದರಿ ಯಕ್ಕಾರ. ಮ್ಯಾಲ ಬದನಿಕಾಯಿ,” ಎಂದಳು.

ಸೋದರತ್ತೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. “ಹಂಗಾರ ಇದು ರೊಟ್ಟಿ, ಪಲ್ಯ. ಮಾತು ಆಗೂಕಿಂತ ಮೊದಲ ನಮ್ಮನ್ನ ಊಟಕ್ಕ ಕುಂದ್ರಸೀರಿ?”

“ಇದಕ್ಕ ಪಿಜ್ಜಾ ಅಂತಾರ್ರಿ,” ಎಂದ ಅಪ್ಪ.

“ಹೆಸರು ಏನರ ಇಡ್ರಿ. ಜ್ವಾಳದ ಹಿಟ್ಟು ಬೆಂಕಿಗೆ ಬಿದ್ರ ರೊಟ್ಟಿನ.”

ಹುಡುಗನ ತಾಯಿಯೂ ಕೈ ಹಿಂದಕ್ಕೆ ತೆಗೆದುಕೊಂಡರು. ಆಗಲೇ ಒಂದು ತುಂಡು ಎತ್ತಿಕೊಂಡಿದ್ದ ಹುಡುಗ ಅದನ್ನು ಮೆಲ್ಲಗೆ ತಾಟಿಗೆ ಮರಳಿಸಿದ. ಅವ್ವನ ಮುಖ ಬಾಡಿಹೋಯಿತು. ರೊಟ್ಟಿ ತಿನ್ನಿಸಿ ಮಾತು ಕಟ್ಟಿಹಾಕಲು ಹೊರಟವರಂತೆ ಕಂಡೆವಲ್ಲ ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಮೇಜಿನ ಕೆಳಗೆ ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ಆಪಾ ಗಲ್ಲೆಯಿಂದ ಬಂದು, ಏನೂ ಕೇಳದೆ ತಾಟು ಎತ್ತಿಕೊಂಡರು. “ತಪ್ಪು ನಂದದರಿ. ಇದು ಆಮ್ಯಾಲಿಂದು, ಮೊದಲ ತಂದೀನಿ.” ಒಳಗೆ ಹೋದವರು ಬೆಳ್ಳುಳ್ಳಿ ಬೆಣ್ಣೆ ಹಚ್ಚಿ ಸುಟ್ಟ ಬ್ರೆಡ್ಡು, ಚಹಾ ತಂದರು. “ಇದು ನಾಷ್ಟಾ. ಬೇಕರಿ ಬ್ರೆಡ್ಡು. ಇದಕ್ಕೂ ಊಟ ಅಂದ್ರ ನಮ್ಮ ಮನ್ಯಾರು ಒಲಿ ಆರಿಸಿ ವಾಪಸ್ ಹೈದರಾಬಾದಿಗೆ ಹೋಗ್ತಾರ್ರಿ.”

ಸೋದರತ್ತೆ ನಕ್ಕರು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದರು. ಅಕ್ಕನ ಕೈ ಸಡಿಲಾಯಿತು.

ಅಕ್ಕ ಮತ್ತು ಹುಡುಗ ಗೋಡೆಯ ಕಡೆಯ ಮೇಜಿಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರು. ಒಮ್ಮೆ ಇಬ್ಬರೂ ನಕ್ಕದ್ದು ಕೇಳಿಸಿತು. ತಿರುಗಿ ಬಂದ ಅಕ್ಕನನ್ನು ಸೋದರತ್ತೆ ಪಕ್ಕದಲ್ಲಿ ಕೂರಿಸಿಕೊಂಡರು.

“ಲಗ್ನ ಆದ ಮ್ಯಾಲ ಸಾಲಿ ಬಿಡ್ತೀ ಏನು?”

“ಇಲ್ರಿ. ಸಗರದಿಂದ ಬಸ್ ಅದಾವ.”

“ರೊಟ್ಟಿ ಬಡೀತಿ?”

“ಬಡೀತೀನ್ರಿ. ದುಂಡಗ ಆಗಂಗಿಲ್ಲ.”

“ನಮ್ಮ ಹುಡುಗ ದುಂಡಗ ಬಡೀತಾನ. ಕಲಿಸ್ತಾನ ಬಿಡು.”

ಹುಡುಗ ತಲೆ ತಗ್ಗಿಸಿದ. ಅಪ್ಪ ಜೋರಾಗಿ ನಕ್ಕು, ಅವ್ವನ ಮುಖ ನೋಡಿ ನಿಲ್ಲಿಸಿದ. ಅವ್ವ ಇನ್ನೂ ಆ ಜೋಳದ ಹಿಟ್ಟಿನಲ್ಲೇ ಇದ್ದಳು.

ಹೊರಡುವ ಹೊತ್ತಾಯಿತು. ಸೋದರತ್ತೆ ಎದ್ದು ಸೆರಗು ಸರಿಮಾಡಿಕೊಂಡು ಶಹಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಇನ್ನು ‘ಹೇಳಿ ಕಳಸ್ತೀವಿ’ ಎಂಬ ಆ ಎರಡು ಪದ ಬರುತ್ತವೆ ಎಂದು ನಾನು ಕಾದೆ. ಅವ್ವ ಕೈ ಮುಗಿದು ನಿಂತಿದ್ದಳು. ಸೋದರತ್ತೆ ಬಾಗಿಲ ಕಡೆ ತಿರುಗಿದವರು ಗಲ್ಲೆಯ ಮುಂದೆ ನಿಂತರು.

“ಆ ರೊಟ್ಟಿ ಏನು ಮಾಡಿದಿ ತಂಗಿ?”

“ಒಲಿ ಬಾಯಾಗ ಬೆಚ್ಚಗ ಇಟ್ಟೀನ್ರಿ. ಕಟ್ಟಿ ಕೊಡ್ಲಾ?” ಎಂದರು ಆಪಾ.

“ಕಟ್ಟಬ್ಯಾಡ, ತಾಟಿನ್ಯಾಗ ತಗೊಂಡು ಬಾ.” ಆಮೇಲೆ ನಮ್ಮ ಕಡೆ ತಿರುಗಿ, “ಯಾಕ ನಿಂತೀರಿ? ಕೂಡ್ರಿ ಎಲ್ಲಾರೂ. ಊಟ ಮಾಡೋಣು.”

ಕ್ಷಣಕಾಲ ಯಾರೂ ಕೂರಲಿಲ್ಲ. ಮೊದಲು ಕೂತದ್ದು ಅಕ್ಕ.

ನಮ್ಮ ಮಾತು ನಡೆದಷ್ಟು ಹೊತ್ತೂ ಆಪಾನ ಗಂಡ ಆ ತಾಟನ್ನು ಒಲೆಯ ಬಾಯಲ್ಲಿ ಆಗಾಗ ತಿರುಗಿಸುತ್ತಾ ನಿಂತಿದ್ದರಂತೆ. ಬಂದ ಗಿರಾಕಿಗಳನ್ನು ಹೊರಗಿನ ಬೆಂಚಿನಲ್ಲಿ ಕಾಯಿಸಿದ್ದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ, ಲಗ್ನದ ಮೊದಲ ಪತ್ರಿಕೆ ಕೊಡಲು ಅದೇ ಅಂಗಡಿಗೆ ಹೋದಾಗ. “ಊಟ ಆಗಂಗಿಲ್ಲ ಅಂದಿದ್ರ ಏನು ಮಾಡ್ತಿದ್ರಿ?” ಎಂದು ಆಪಾನ ಗಂಡನನ್ನೇ ಕೇಳಿದೆ. ಅವರು, “ನಾವ ತಿಂತಿದ್ವಿ. ಆದ್ರ ಅಲ್ಲೀತನಕ ಬಿಸಿ ಇರ್ಬೇಕಲ್ಲ,” ಎಂದರು. ಆ ಮನುಷ್ಯ ನನ್ನ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಇಂದಿಗೂ ಆ ಒಲೆಯ ಮುಂದೆ ಹಾದುಹೋಗುವಾಗ ನನ್ನ ಕೈ ತಾನಾಗಿ ಸಲಾಮಿಗೆ ಏಳುತ್ತದೆ.

ಅಂದು ಸೋದರತ್ತೆ ರೊಟ್ಟಿ ಮುರಿದು, ಬದನೆಕಾಯಿ ಚೀಸಿನ ಸಮೇತ ಬಾಯಿಗೆ ಇಟ್ಟುಕೊಂಡು, ನಿಧಾನವಾಗಿ ಅಗಿದು ಅವ್ವನ ಕಡೆ ನೋಡಿದರು.

“ಬೀಗಿತಿ, ಖಾರ ಕಡಿಮಿ ಆಗೈತಿ.”

ಅವ್ವ ಕೈಚೀಲಕ್ಕೆ ಕೈ ಹಾಕಿದಳು. ಮೇಜಿನ ಮೇಲೆ ಆಪಾನ ಶೀಸೆ ಇತ್ತು, ಅದು ಅವಳಿಗೆ ಕಾಣಲೇ ಇಲ್ಲ. ಡಬ್ಬಿಯ ಮುಚ್ಚಳ ಅವಳ ಬೆರಳಿಗೆ ಬಗ್ಗಲಿಲ್ಲ. ಹುಡುಗ ಎದ್ದು ಬಂದು ತೆಗೆದುಕೊಟ್ಟ.

ಒಲೆಯಲ್ಲಿ ಅಷ್ಟು ಹೊತ್ತು ಇದ್ದ ರೊಟ್ಟಿಯ ಅಂಚು ಹಪ್ಪಳದಷ್ಟು ಗಟ್ಟಿಯಾಗಿತ್ತು. ಅಕ್ಕ ನಡುವಿನದನ್ನು ತಿಂದು ಅಂಚನ್ನು ಬದಿಗಿಟ್ಟಳು. ನಾನು ರೂಢಿಯಂತೆ ಕೈ ಚಾಚಿದೆ. ಅಷ್ಟರಲ್ಲಿ ಅದು ಹುಡುಗನ ತಾಟಿನಲ್ಲಿತ್ತು.