ದೋಮ್ನಿಕಾಳ ಮದುವೆಯ ಆಲ್ಬಮ್

ಸವೇತಾ ಮನುಷ್ಯರ ಮುಖದ ಫೋಟೋ ತೆಗೆಯುತ್ತಿರಲಿಲ್ಲ. ಅದು ಅವಳ ಗಂಡ ನಿಸ್ತೋರನ ಪಾಲಿನ ಕೆಲಸ. ದಿಬ್ಬಣದವರೆಲ್ಲ ಚರ್ಚಿನಲ್ಲಿರುವಾಗ ಇವಳು ಔತಣದ ಹಾಲ್‌ಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕ್ಯಾಮೆರಾ ಹಿಡಿಯುತ್ತಿದ್ದಳು. ಜಡೆಯಂತೆ ಹೆಣೆದ ಬ್ರೆಡ್ಡು, ಪ್ಲಮ್ ಸಾರಾಯಿ ಬಾಟಲಿಯ ಕೊರಳಿಗೆ ಸುತ್ತಿದ ಕೆಂಪು ದಾರ, ಅತಿಥಿಗಳ ಹೆಸರಿನ ಚೀಟಿ, ಇನ್ನೂ ಯಾರೂ ಕೂರದ ಕುರ್ಚಿ. ಜನ ನುಗ್ಗಿ ಎಲ್ಲವನ್ನೂ ಎಂಜಲು ಮಾಡುವುದರೊಳಗೆ ಅವಳದು ಮುಗಿದಿರಬೇಕು. ಆಮೇಲೆ ಆಲ್ಬಮ್ ಜೋಡಿಸುವವಳೂ ಅವಳೇ. ಬುಕೊವಿನಾ ಸೀಮೆಯ ನಮ್ಮ ಪಟ್ಟಣದಲ್ಲಿ, 'ಸವೇತಾ ತೆಗೆದರೆ ಫೋರ್ಕಿಗೂ ಮದುವೆ ಕಳೆ ಬರುತ್ತೆ' ಅನ್ನುತ್ತಿದ್ದರು.

ನಾನು ಅವಳ ಸ್ಟುಡಿಯೋ ಎದುರಿಗೆ ಬಟ್ಟೆ ಹೊಲಿಯುತ್ತೇನೆ. ಒಂದು ವಸಂತದಲ್ಲಿ ಊರಿನ ಹುಡುಗಿ ದೋಮ್ನಿಕಾ ತಾಯಿ ವರ್ವಾರಾಳ ಜೊತೆ ಬಂದಾಗ ನಾನೂ ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದೆ. ಸುಗ್ಗಿ ಮುಗಿದ ಮೇಲೆ ಅವಳಿಗೂ ಮರಗೆಲಸದ ಇಲಾರಿಯೋನನಿಗೂ ಮದುವೆ ಅಂತ ಗೊತ್ತಾಗಿತ್ತು. ಹುಡುಗಿ ಆಲ್ಬಮ್ ಒಂದೊಂದನ್ನೂ ತಿರುವಿ ಹಾಕಿದಳು.

"ಸವೇತಾ ಅತ್ತೆ, ನನ್ನ ಮೇಜಿಗೆ ಗುಲಾಬಿ ಬೇಡ. ಹೊಲದ ನೀಲಿ ಹೂವು ಸಾಕು. ಬಂದೋರಿಗೆಲ್ಲ ಅಪ್ಪನ ಜೇನು, ಪುಟ್ಟ ಪುಟ್ಟ ಶೀಶೇಲಿ. ಮೇಲೆ ನಮ್ಮಿಬ್ಬರ ಹೆಸರು."

"ಮದುವೆ ಗಂಡಿನ ಫೋಟೋ ಬೇಡ್ವೇನೇ?" ಎಂದು ನಿಸ್ತೋರ್ ಒಳಗಿನಿಂದ ಕೇಳಿದ.

"ಅವನ ಮುಖ ದಿನಾ ನೋಡೋದು ಇದ್ದೇ ಇದೆಯಲ್ಲ ಮಾವ. ಜೇನು ಒಂದೇ ದಿನ ಇರೋದು."

ಆಗಸ್ಟಿನಲ್ಲಿ ಒಂದು ಬೆಳಗ್ಗೆ ತಲೆನೋವು ಅಂತ ಮಲಗಿದ ದೋಮ್ನಿಕಾ ಸಂಜೆಯೊಳಗೆ ಹೋಗಿಬಿಟ್ಟಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ.

ಮದುವೆಯಾಗದೆ ಸತ್ತವರನ್ನು ನಮ್ಮಲ್ಲಿ ಮದುವೆ ಮಾಡಿಯೇ ಕಳಿಸುತ್ತಾರೆ. ಬಿಳಿ ಉಡುಪು, ಕಿರೀಟ, ಉಂಗುರ, ಅಂಗಳದಲ್ಲಿ ಕ್ರಿಸ್‌ಮಸ್ ಮರದಂತೆ ಸಿಂಗರಿಸಿದ ಫರ್ ಮರ, ಎಲ್ಲವೂ ಆಗಬೇಕು. ಮಾರನೇ ದಿನ ವರ್ವಾರಾ ಕಪ್ಪು ಬಟ್ಟೆಯಲ್ಲಿ ಸ್ಟುಡಿಯೋಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ಊರ ಹುಡುಗೀರಿಗೆಲ್ಲ ತೆಗೆದಿದ್ದೀಯ, ಅಕ್ಕ. ನನ್ನ ಮಗಳಿಗೂ ತೆಗೀಬೇಕು. ಅವಳು ಹೇಳಿದ ಹಾಗೇ ಮೇಜು ಹಾಕಿಸ್ತಿದ್ದೀನಿ."

ಅವಳು ಹೋದ ಮೇಲೆ ನಿಸ್ತೋರ್ ಹೇಳಿದ: "ಬೇಡ ಸವೇತಾ. ನಾಳೆಯಿಂದ ಯಾವ ಮದುವೆ ಮನೆಯವರೂ ನಿನ್ನ ಕರೆಯಲ್ಲ."

"ಆ ತಾಯಿ ಮುಖ ನೋಡಿ ನೀನೇ 'ಆಗಲ್ಲ' ಅನ್ನಬಹುದಿತ್ತಲ್ಲ. ಯಾಕೆ ಅನ್ನಲಿಲ್ಲ?"



ಸವೇತಾ ಹೋದಳು. ಕಿರೀಟ ಹೊಲಿದವಳು ನಾನೇ ಆದ್ದರಿಂದ ನಾನೂ ಹೋಗಿದ್ದೆ. ವರ್ವಾರಾಳ ಅಂಗಳದಲ್ಲಿ ಸೇಬಿನ ಮರದಡಿ ಉದ್ದನೆಯ ಮೇಜು, ನೀಲಿ ಹೂ, ಇಬ್ಬರ ಹೆಸರಿನ ಜೇನಿನ ಶೀಶೆಗಳು. ಒಳಗೆ ಶವಪೆಟ್ಟಿಗೆಯ ತಲೆದೆಸೆಯಲ್ಲಿ ಇಲಾರಿಯೋನ್ ಮದುವೆ ಸೂಟಿನಲ್ಲಿ ನಿಂತಿದ್ದ. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ ಹಾಕುತ್ತಿದ್ದ, ಒಮ್ಮೆ ತೆಗೆಯುತ್ತಿದ್ದ.

"ಅತ್ತೆ, ನನ್ನ ತೆಗೀಬೇಡ," ಎಂದ.

"ಇಲ್ಲಪ್ಪ. ನಾನು ಮುಖ ತೆಗೆಯಲ್ಲ."

ಎಲೆಗಳ ನಡುವಿನಿಂದ ಮೇಜಿನ ಮೇಲೆ ಬೀಳುತ್ತಿದ್ದ ಬಿಸಿಲು ಅಷ್ಟು ಚೆನ್ನಾಗಿತ್ತಂತೆ. ಅದು ಕಣ್ಣಿಗೆ ಬಿದ್ದದ್ದಕ್ಕೇ ನಾಚಿಕೆಯಾಯಿತು ಎಂದು ಆಮೇಲೆ ಸವೇತಾ ನನ್ನ ಬಳಿ ಹೇಳಿದಳು. ಒಂದು ಮೇಣದಬತ್ತಿ ವಾಲಿತ್ತು. ಕೈ ತನ್ನಷ್ಟಕ್ಕೆ ಹೋಗಿ ಅದನ್ನು ನೆಟ್ಟಗೆ ಮಾಡಿತು. ತಿರುಗಿದರೆ ಹಿಂದೆಯೇ ವರ್ವಾರಾ ನಿಂತಿದ್ದಾಳೆ.

"ಮಾಡು ಅಕ್ಕ. ಸೊಟ್ಟಗಿದ್ದರೆ ಅವಳಿಗೂ ಆಗ್ತಿರಲಿಲ್ಲ."

ಆಲ್ಬಮ್ಮನ್ನು ಸವೇತಾ ಎಲ್ಲರದರಂತೆಯೇ ಕಟ್ಟಿದಳು. ಬಿಳಿ ರಟ್ಟು, ಚಿನ್ನದ ಅಕ್ಷರ. ಉಳಿದವರ ಆಲ್ಬಮ್ಮುಗಳು ಕುಣಿತದಲ್ಲಿ ಮುಗಿಯುತ್ತವೆ. ಇದಕ್ಕೇನು ಮಾಡುವುದೆಂದು ತಿಳಿಯದೆ ಬಹಳ ದಿನ ಹಾಗೇ ಇಟ್ಟುಕೊಂಡು, ಕೊನೆಗೆ ಉಂಗುರವಿದ್ದ ದೋಮ್ನಿಕಾಳ ಕೈಯ ಚಿತ್ರವನ್ನು ಹಾಕಿದಳು.

ಸತ್ತ ನಲವತ್ತನೇ ದಿನದ ಊಟಕ್ಕೆ ಬಂದವರಿಗೆಲ್ಲ ವರ್ವಾರಾ ಅದನ್ನು ತೋರಿಸಿದಳು. ನೋಡಿದವರು ಶಿಲುಬೆಯ ಗುರುತು ಹಾಕಿಕೊಂಡು, ಎಷ್ಟು ಚೆನ್ನಾಗಿದೆ ಎಂದರು. ಮರುವಾರದಿಂದಲೇ ಸ್ಟುಡಿಯೋಗೆ ಫೋನುಗಳು ಶುರುವಾದವು.

"ತಪ್ಪು ತಿಳೀಬೇಡಿ ಸವೇತಾ ಅಮ್ಮ, ನಮ್ಮತ್ತೆಗೆ ಭಯ. ನಿಸ್ತೋರ್ ಮಾವ ಬರಲಿ, ಮೇಜಿನ ಫೋಟೋ ನಾವೇ ಹೇಗೋ ಮಾಡ್ಕೋತೀವಿ."

ಹೊಸ ಕ್ಯಾಮೆರಾ ಕೊಂಡಳು. ಪಾದ್ರಿಯಿಂದ ತೀರ್ಥ ಹಾಕಿಸಿದಳು. ಯಾರೂ ಕರೆಯಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ನಿಸ್ತೋರ್ ಮೇಜಿನ ಫೋಟೋಗೆ ತನ್ನ ತಮ್ಮನ ಮಗಳನ್ನು ಜೊತೆಗೆ ಕರೆದೊಯ್ಯತೊಡಗಿದ. ಮನೆಯಲ್ಲಿ ಒಂದು ದಿನವೂ 'ನಾನು ಹೇಳಿರಲಿಲ್ವಾ' ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ ಎನ್ನುತ್ತಿದ್ದಳು. ಈಗ ಅವಳಿಗೆ ಬರುವುದು ಗೋರಿಗೆ ಅಂಟಿಸುವ, ಫೋಟೋ ಇರುವ ಪಿಂಗಾಣಿ ಬಿಲ್ಲೆಯ ಕೆಲಸ ಮಾತ್ರ. ಹಳೇ ಗುರುತಿನ ಚೀಟಿಯಿಂದಲೋ, ಯಾರದೋ ಮದುವೆಯ ಗುಂಪು ಫೋಟೋದಿಂದಲೋ ಸತ್ತವರ ಮುಖ ಬಿಡಿಸಿ ದೊಡ್ಡದು ಮಾಡುವುದು. ದಿನವಿಡೀ ಮುಖಗಳೇ.

ಎರಡು ವರ್ಷದ ಮೇಲೆ ಇಲಾರಿಯೋನನಿಗೆ ಸಿರೆತ್ ಕಡೆಯ ಹುಡುಗಿ ಗೊತ್ತಾದಳು. ನಿಸ್ತೋರನಿಗೆ ಮದುವೆಯ ಫೋಟೋಗೆ ಹೇಳಲು ಬಂದವನು ಬಾಗಿಲಲ್ಲೇ ನಿಂತ.

"ಅತ್ತೆ, ಹುಡುಗಿ ಕಡೆಯವರು ಮೇಜಿನ ಫೋಟೋಗೆ ಸುಚಾವಾ ನಗರದಿಂದ ಯಾರನ್ನೋ ಕರೆಸ್ತಾರಂತೆ."

"ಕರೆಸಲಿ ಬಿಡು. ಒಳ್ಳೇದಾಗಲಿ ನಿಂಗೆ."

"ಆ ಆಲ್ಬಮ್ ನಾನು ಇವತ್ತಿಗೂ ನೋಡಿಲ್ಲ. ವರ್ವಾರಾ ಅಮ್ಮ ಬಾ ಬಾ ಅಂತಾರೆ. ಕಾಲು ಬರಲ್ಲ."

"ನೋಡ್ಬೇಡ," ಎಂದಳು ಸವೇತಾ. "ನಿನಗೋಸ್ಕರ ಮಾಡಿದ್ದಲ್ಲ ಅದು."

ಅವನ ಮದುವೆಯ ದಿನ ನಿಸ್ತೋರ್ ಬೆಳಗ್ಗೆಯೇ ಹೊರಟುಹೋದ. ಸವೇತಾ ಜಾಮ್ ಮಾಡಲು ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದಳು. ನಾನೂ ಒಂದು ಚಾಕು ಹಿಡಿದು ಕೂತಿದ್ದೆ. ಮಧ್ಯಾಹ್ನ ವರ್ವಾರಾ ಬಂದಳು. ಅವಳನ್ನೂ ಮದುವೆಗೆ ಕರೆದಿರಲಿಲ್ಲ. ಯಾರು ತಾನೇ ಕರೆಯುತ್ತಾರೆ? ಎದುರಿಗೆ ಕೂತು ಹಣ್ಣು ಸೀಳತೊಡಗಿದಳು.

ಕೈಯಲ್ಲಿದ್ದ ಹಣ್ಣಿನ ಬೀಜ ಬಿಡಿಸುತ್ತಾ ಕೇಳಿದಳು: "ಅವತ್ತು ಯಾಕಾದ್ರೂ ಬಂದೆನೋ ಅನ್ಸುತ್ತಾ ಅಕ್ಕ, ನಿಂಗೆ?"

ಸವೇತಾ ಚಾಕುವನ್ನು ಬುಟ್ಟಿಯ ಅಂಚಿಗೆ ಒರೆಸಿಕೊಂಡಳು. "ಕೆಲವು ದಿನ ಅನ್ಸುತ್ತೆ. ಸುಳ್ಳು ಯಾಕೆ ಹೇಳ್ಲಿ."

"ನಿನ್ನ ಯಾಕೆ ಕರೆದೆನೋ ಅಂತ ನಂಗೆ ಒಂದಿನಾನೂ ಅನ್ಸಲ್ಲ. ನಿನ್ನ ಅನ್ನ ಹೋಯ್ತು ಅಂತ ಗೊತ್ತಿದ್ರೂ ಅನ್ಸಲ್ಲ. ಕ್ಷಮಿಸು."

"ಗೊತ್ತು ಕಣೆ," ಎಂದಳು ಸವೇತಾ.

ಅಷ್ಟರಲ್ಲಿ ದಿಬ್ಬಣದ ಕಾರುಗಳು ಹಾರ್ನ್ ಬಾರಿಸುತ್ತಾ ಬೀದಿಗೆ ತಿರುಗಿದವು. ವರ್ವಾರಾ ಎದ್ದು ಕಿಟಕಿಯ ಬಳಿ ಹೋಗಿ, ಕೊನೆಯ ಕಾರು ದಾಟುವವರೆಗೂ ನಿಂತು ನೋಡಿದಳು. ಸವೇತಾ ತಲೆಯೆತ್ತಲಿಲ್ಲ. ಬುಟ್ಟಿಯಲ್ಲಿ ಇನ್ನೂ ಅರ್ಧದಷ್ಟು ಹಣ್ಣಿತ್ತು.