ಹೆಸರು ಬಂತು, ನಂಬರ್ ಬರಲಿಲ್ಲ

ಇಂಥವನ್ನು ನಾನು ನಂಬಿದವನಲ್ಲ. ಯಾರಾದರೂ ವಿಚಿತ್ರ ಸಂಗತಿ ಹೇಳತೊಡಗಿದರೆ ಎದ್ದು ಹೋಗುತ್ತಿದ್ದೆ. ಲಾಡ್ಜು, ಹಾಸ್ಟೆಲ್ಲುಗಳಿಗೆ ವೈಫೈ ಹಾಕಿಕೊಡುವುದು ನನ್ನ ಉದ್ಯೋಗ. ಅಲ್ಲಿ ಏನು ಕೆಟ್ಟರೂ ಹುಡುಕಿದರೆ ಕಾರಣ ಸಿಗುತ್ತದೆ. ಈ ಒಂದಕ್ಕೆ ಮಾತ್ರ ಸಿಕ್ಕಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಹುಮನಾಬಾದಿನ ಹೊರಗೆ, ಔಷಧ ಕಾರ್ಖಾನೆಗಳ ಕಾರ್ಮಿಕರಿರುವ ಒಂದು ಹಾಸ್ಟೆಲಿಗೆ ಬಸವಕಲ್ಯಾಣದಿಂದ ಹೋಗಿದ್ದೆ. ಫೋನನ್ನು ವೈಫೈಗೆ ಜೋಡಿಸಿದರೆ ಮೊದಲು ಒಂದು ಪುಟ ತೆರೆಯಬೇಕು. ಅದರಲ್ಲಿ ಹೆಸರು, ಮೊಬೈಲ್ ನಂಬರ್ ತುಂಬಿ, ಇತ್ತ ಕಡೆಯಿಂದ ಒಪ್ಪಿಗೆ ಸಿಕ್ಕರಷ್ಟೇ ಇಂಟರ್ನೆಟ್. ಅಂಥ ಪುಟ ಮಾಡಿಕೊಡುವ ಕೆಲಸ. ಮಧ್ಯಾಹ್ನ ಕಾರ್ಮಿಕರೆಲ್ಲ ಪಾಳಿಗೆ ಹೋಗಿದ್ದರು. ಉಳಿದವರು ನಾನು ಮತ್ತು ಮ್ಯಾನೇಜರ್ ಶಿವರಾಜಪ್ಪ ಇಬ್ಬರೇ. ಕೆಲಸ ಮುಗಿಯುವವರೆಗೆ ಆ ವೈಫೈ ಬೇರೆ ಯಾರ ಫೋನಿನಲ್ಲೂ ಕಾಣದ ಹಾಗೆ ಮುಚ್ಚಿಟ್ಟಿದ್ದೆ.

ಪುಟ ಸಿದ್ಧವಾದ ಸ್ವಲ್ಪ ಹೊತ್ತಿಗೆ ನನ್ನ ಲ್ಯಾಪ್‌ಟಾಪಿಗೆ ಒಂದು ಕೋರಿಕೆ ಬಂತು. ಹೆಸರಿನ ಜಾಗದಲ್ಲಿ ‘ಮಾಳಪ್ಪ’ ಎಂದಿತ್ತು. ನಂಬರಿನ ಜಾಗ ಖಾಲಿ. ನಂಬರ್ ಇಲ್ಲದೆ ಪುಟ ಮುಂದೆ ಹೋಗದಂತೆ ನಾನೇ ಮಾಡಿದ್ದೆ, ಆದರೂ ಬಂದಿತ್ತು. ತಿರಸ್ಕರಿಸಿದೆ. ಮತ್ತೆ ಬಂತು. ತಪ್ಪು ನನ್ನದೇ ಇರಬೇಕೆಂದು ಎಲ್ಲವನ್ನೂ ಬಂದ್ ಮಾಡಿ ಹೊಸದಾಗಿ ಶುರು ಮಾಡಿದೆ. ಮತ್ತೆ ಅದೇ ಹೆಸರು. ಹಿಂದಿನ ಕಾಂಪೌಂಡ್ ಗೋಡೆಗೆ ಕೂರಿಸಿದ ವೈಫೈ ಪೆಟ್ಟಿಗೆಯ ಮೂಲಕ ಬರುತ್ತಿತ್ತು.

“ಮಾಳಪ್ಪ ಅಂತ ಯಾರರೆ ಅದಾರೇನ್ರಿ ಇಲ್ಲಿ ಹಿಂದಕ?” ಎಂದು ಮ್ಯಾನೇಜರನ್ನು ಕೇಳಿದೆ.

“ಇಲ್ಲರಿ. ಹಿಂದಕ ಯಾರೂ ಹೋಗಂಗಿಲ್ಲ. ಬರೇ ಹೊಸಾ ಸಂಪು ಅದ.”

ಪೆಟ್ಟಿಗೆ ನೋಡಿ ಬರೋಣವೆಂದು ಇಬ್ಬರೂ ಹೋದೆವು. ಇನ್ನೂ ನೀರು ಬಿಡದ ಆ ನೆಲತೊಟ್ಟಿಯ ಬಾಯಿ ತೆರೆದಿತ್ತು. ಒಳಗೆ ವಯಸ್ಸಾದ ಒಬ್ಬ ಕುರಿಗಾಹಿ ಕಾಲು ಮುರಿದುಕೊಂಡು ಬಿದ್ದಿದ್ದ. ಬಿದ್ದ ಮರಿಯನ್ನು ಎತ್ತಲು ಹಿಂದಿನ ದಿನ ಇಳಿದವನಂತೆ. ಮರಿ ಅವನ ಮಗ್ಗುಲಲ್ಲೇ ಇತ್ತು. ಅವನ ತುಟಿ ಒಣಗಿ, ದನಿ ಉಡುಗಿ ಹೋಗಿತ್ತು. ಏಣಿ ಇಳಿಸಿ ಎತ್ತಿಕೊಂಡು ಆಸ್ಪತ್ರೆಗೆ ಒಯ್ದೆವು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹುಡುಕಿಕೊಂಡು ಬಂದ ಅವನ ಮಗಳು ‘ಮಾಳಪ್ಪ’ ಎಂದು ಹೆಸರು ಬರೆಸಿದಾಗ ನಾನೂ ಶಿವರಾಜಪ್ಪನೂ ಮುಖ ಮುಖ ನೋಡಿಕೊಂಡೆವು. ಅವನ ಹತ್ತಿರ ಫೋನಿರಲಿಲ್ಲ. ಓದುಬರಹವೂ ಗೊತ್ತಿರಲಿಲ್ಲ.

ಮರುದಿನ ನೋಡಲು ಹೋದೆ.

“ಹ್ಯಾಂಗದೀರಿ ಅಜ್ಜಾ?”

“ಬದುಕೀನ್ರಿ. ಒದರಿ ಒದರಿ ಗಂಟಲ ಬಿದ್ದಿತ್ತು. ಸುಮ್ಮ ಬಿದ್ಕೊಂಡಿದ್ದೆ. ಆಗ ಮ್ಯಾಲಿಂದ ಯಾರೋ ಹೆಸರು ಕೇಳಿದ್ರು. ಹೇಳಿದೆ. ಫೋನ್ ನಂಬರ್ ಕೇಳಿದ್ರು. ನನ ಬಲ್ಲಿ ಫೋನ್ ಎಲ್ಲಿಂದ ಬರಬೇಕ್ರಿ, ಇಲ್ಲ ಅಂದೆ. ಮತ್ತ ಮತ್ತ ಅದೇ ಕೇಳಾಕತ್ತಿದ್ರು.” ನನ್ನ ಮುಖ ನೋಡಿ, “ನೀವೇ ಅಲ್ಲೇನ್ರಿ ಕೇಳಿದವ್ರು?” ಎಂದ.

ಹೆಸರು, ನಂಬರ್ ಕೇಳುವುದು ನಾನು ಮಾಡಿದ ಪುಟ, ಅದಕ್ಕೆ ದನಿಯಿಲ್ಲ. ಆ ಪುಟವನ್ನು ಆಮೇಲೆ ಎಷ್ಟು ಸಲ ತಿರುವಿ ನೋಡಿದರೂ ದೋಷ ಸಿಕ್ಕಿಲ್ಲ. ಅವನನ್ನು ಕೇಳಿದ್ದು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.